ಸೋರದ ಛಾವಣಿಯ ಕೆಳಗೆ

ಕೈಲಾಗದವನ ಕೈಯಿಂದ ಒಂದು ಕೆಲಸ ನೆಟ್ಟಗಾಗಿಬಿಟ್ಟರೆ ಎಂಥ ಅನಾಹುತವಾದೀತೆಂದು ಹಿರಿಯರು ಯಾರೂ ನನ್ನನ್ನು ಎಚ್ಚರಿಸಲಿಲ್ಲ. ನಾನು ಮೊಳೆ ಹೊಡೆಯಲು ಹೋದರೆ ಮೊಳೆ ಕ್ಷೇಮವಾಗಿದ್ದು ಹೆಬ್ಬೆರಳು ಜಜ್ಜಿಹೋಗುತ್ತದೆ. ಅಂಥವನು ಒಂದು ಬೇಸಿಗೆಯಲ್ಲಿ ನನ್ನ ಕೋಣೆಯ ತಗಡಿನ ಛಾವಣಿಗೆ ಡಾಂಬರು ಬಳಿದ ಫೆಲ್ಟು ಎಂಬ ಕಂಬಳಿಯಂಥ ದಪ್ಪ ಹಾಳೆ ಹಾಸಿದೆ. ಅದು ಸೋರಲಿಲ್ಲ. ನನ್ನ ದುಃಖ ಅಲ್ಲಿಂದ ಶುರು.

ಪುಣೆಯ ಹಳೆಯ ವಾಡೆಯೊಂದರ ಮೇಲಂತಸ್ತಿನ ಕೋಣೆ ನನ್ನದು. ಧಾರವಾಡದಿಂದ ಗುಮಾಸ್ತಿಕೆಗೆ ಬಂದವನು. ಮದುವೆ ಇವತ್ತು ನಾಳೆ ಎನ್ನುವುದರೊಳಗೆ ತಲೆ ನೆರೆಯಿತು. ಕಚೇರಿಯಲ್ಲಿ ಸಾಹೇಬನ ಇಂಗ್ಲಿಷು, ಮಿಕ್ಕವರ ಮರಾಠಿ. ಕನ್ನಡ ಕಿವಿಗೆ ಬೀಳುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಛಾವಣಿ ಸೋರತೊಡಗಿದರೆ ನನ್ನ ಪಾತ್ರೆಗಳು ಸಾಲುತ್ತಿರಲಿಲ್ಲ; ಕೆಳಮನೆಯ ಗಂಗಕ್ಕ, ಬೆಳಗಾವಿ ಕಡೆಯವರು, ತಮ್ಮ ಪಾತೇಲಿ ಹಿಡಿದು ಮೆಟ್ಟಿಲೇರಿ ಬರುತ್ತಿದ್ದರು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ನಾನು ಅದರಲ್ಲಿ ಸಕ್ಕರೆ ಹಾಕಿ ಕೊಡುತ್ತಿದ್ದೆ. ಮುಂದಿನ ಮಳೆಗೆ ಅದೇ ಪಾತೇಲಿ ಹುಗ್ಗಿ ತುಂಬಿಕೊಂಡು ಬರುತ್ತಿತ್ತು. "ನಿಮ್ಮ ತಗಡು ಛಲೋ ಇದ್ದಿದ್ರ ನೀವು ಉಪವಾಸ ಬೀಳ್ತಿದ್ರಿ ನೋಡ್ರಿ," ಎನ್ನುತ್ತಿದ್ದರು. ತಮಾಷೆ ಎಂದುಕೊಂಡಿದ್ದೆ.

ಹಾಸಿಗೆ ನೆನೆದು ನೆನೆದು ಬೇಸತ್ತು ನಾನು ಆ ಫೆಲ್ಟಿನ ಸುರುಳಿಯನ್ನು ಟಾಂಗಾದಲ್ಲಿ ತಂದೆ. ಲೋಣಾವಳಾದ ಮಳೆಯನ್ನೇ ತಡೆಯುವ ಮಾಲು ಎಂದು ಅಂಗಡಿಯವನು ಮರಾಠಿಯಲ್ಲಿ ಆಣೆ ಹಾಕಿದ್ದ. ಛಾವಣಿ ಹತ್ತಿ ಹಾಸಿ ಮುಗಿಸುವಷ್ಟರಲ್ಲಿ ಬಿಸಿಲಿಗೆ ಡಾಂಬರು ಕರಗಿತ್ತು. ದಣಿದು ಅದರ ಮೇಲೆಯೇ ಕೂತೆ. ನನ್ನ ಧೋತರದ ಅಂಗೈಯಗಲ ತುಂಡೊಂದು ಈಗಲೂ ಅಲ್ಲಿ ಮಳೆ ತಡೆಯುತ್ತಿದೆ. ಇಳಿದು ಬಂದವನು ಗಂಗಕ್ಕನಿಗೆ, "ಇನ್ನ ನಿಮಗ ತ್ರಾಸಿಲ್ರಿ," ಎಂದು ಜಂಬದಿಂದ ಹೇಳಿಯೂ ಬಿಟ್ಟೆ.

ಮಳೆ ಬಂತು, ಧೋ ಎಂದು ಸುರಿಯಿತು. ನಾನು ಒಣ ಹಾಸಿಗೆಯ ಮೇಲೆ ಕೂತು ಮೆಟ್ಟಿಲ ಕಡೆ ಕಿವಿಗೊಟ್ಟೆ. ಯಾರೂ ಬರಲಿಲ್ಲ. ಬರಲು ಕಾರಣವೇ ಇರಲಿಲ್ಲ. ಇಡೀ ಊರಿನಲ್ಲಿ ನನ್ನೊಬ್ಬನನ್ನೇ ಬಿಟ್ಟು ಎಲ್ಲರೂ ಎಲ್ಲಿಗೋ ಹೋದಂತೆ ಸಂಕಟವಾಯಿತು.

ಒಂದು ಸಂಜೆ ತಡೆಯಲಾರದೆ ಕೆಳಗಿಳಿದು, "ಮತ್ತ ಸೋರಲಿಕ್ಕತ್ತದ್ರಿ," ಎಂದೆ. ಗಂಗಕ್ಕ ಪಾತೇಲಿ ಹುಡುಕುವಷ್ಟರಲ್ಲಿ ಮೇಲೆ ಓಡಿ ತಂಬಿಗೆಯ ನೀರನ್ನು ನೆಲಕ್ಕೆ ಸುರಿದೆ. ಅವರು ಬಂದು ಒಣ ಛಾವಣಿ ನೋಡಿದರು, ಒದ್ದೆ ನೆಲ ನೋಡಿದರು, ನನ್ನ ಕೈಯಲ್ಲಿ ಇನ್ನೂ ಇದ್ದ ತಂಬಿಗೆಯನ್ನೂ ನೋಡಿದರು. ಪಾತೇಲಿಯನ್ನು ಒದ್ದೆಯ ನಡುವೆ ಇಟ್ಟು, "ಭಾಳ ಸೋರತದ ಬಿಡ್ರಿ. ಈ ಪಾತೇಲಿ ಮಳಿಗಾಲ ಮುಗಿಯೋತನಕ ಮ್ಯಾಲ ಕೆಳಗ ಓಡಾಡಲಿ," ಎಂದು ಗೋಡೆಗೊರಗಿ ಕೂತು, ಬೆಳಗಾವಿಯ ಸುದ್ದಿಯನ್ನೆಲ್ಲ ಹೇಳಿ ಹೋದರು.

ಬೆಳಗ್ಗೆ ನೋಡಿದರೆ ಪಾತೇಲಿಯಲ್ಲಿ ಒಂದು ಹನಿಯೂ ಇಲ್ಲ. ಜನ್ಮದಲ್ಲಿ ನೆಟ್ಟಗೆ ಮಾಡಿದ ಒಂದೇ ಒಂದು ಕೆಲಸವನ್ನು ಬೈದುಕೊಳ್ಳುತ್ತ, ಪಾತೇಲಿಯೊಳಗೆ ಸಕ್ಕರೆಯನ್ನು ವಾಡಿಕೆಗಿಂತ ತುಸು ಹೆಚ್ಚೇ ಸುರಿದೆ.