ನಾಯಿಗೆ ಸಂಬಂಧ ನೋಡುವ ಮಾಮಾ

ನಮ್ಮ ಸೋದರಮಾವ ಗುಡಿಗೆ ಹೋದರೂ ದೇವರನ್ನು ಮೇಲಿಂದ ಕೆಳತನಕ ಒಮ್ಮೆ ನೋಡಿ, ಇಂವಾ ಖರೇನ ದೇವರು ಹೌದೋ ಅಲ್ಲೋ ಅಂತ ಖಾತ್ರಿ ಮಾಡಿಕೊಂಡೇ ಕೈ ಮುಗಿಯುವ ಮನುಷ್ಯ. ಸುಳ್ಳಲ್ಲ! ಅವರ ಹೊಸ ಸುದ್ದಿ ಬಂದಾಗ ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಪಕ್ಕದ ಮನೆಯಾಕೆ ಹಿಟ್ಟಿನ ಡಬ್ಬಿಯನ್ನು ಸೊಂಟದ ಮೇಲಿಟ್ಟುಕೊಂಡು ಓಡಿ ಬಂದಳು.

"ಅಕ್ಕಾರ, ನಿಮ್ಮ ಮಾಮಾರು ಗಿರಣ್ಯಾಗ ಕುಂತು ನಿಮ್ಮ ಮನತನದ್ದ ಕೇಳಾಕ ಹತ್ಯಾರ್ರಿ! ಜಗಳಾ ಗಿಗಳಾ ಮಾಡತಾರೇನು, ಬಾಗಲಕ್ಕ ಬಂದವ್ರಿಗೆ ಏನರೆ ಕೊಡತಾರೇನು ಅಂತ!"

"ನೀ ಏನಂದಿ?"

"ನಾ ಯಾಕ ಏನರೆ ಅನ್ನಲ್ರಿ? ಹಿಟ್ಟ ಬೀಸಿಸ್ಕೊಂಡ ಬಂದೆ, ಅಷ್ಟ."

ಕಣ್ಣು ತಪ್ಪಿಸಿದ ರೀತಿ ನೋಡಿದರೆ ಏನೋ ಅಂದೇ ಬಂದಿದ್ದಾಳೆ!

ನಮ್ಮ ಬೈಲಹೊಂಗಲದಲ್ಲಿ ಗಿರಣಿಯಲ್ಲಿ ಕೂತು ಒಂದು ಮನೆಯ ಬಗ್ಗೆ ಕೇಳುತ್ತಾರೆ ಅಂದರೆ ಒಂದೇ ಅರ್ಥ. ಕನ್ಯೆ ಕೊಡಬೇಕು, ಇಲ್ಲ ತರಬೇಕು. ನನ್ನ ಮಗಳು ಇನ್ನೂ ಎಂಟನೇ ಕ್ಲಾಸು. ಗಂಡುಮಗ ಇಲ್ಲ. ಮತ್ತೆ ಯಾಕೆ? ತವರಿನ ಹೊಲದ ವಿಷಯವೇ? ಯಾರಾದರೂ ಚಾಡಿ ಹಚ್ಚಿದರೇ? ಶಿವನೇ ಅಂತ ಹಣೆಯ ವಿಭೂತಿ ಮುಟ್ಟಿಕೊಂಡೆ. ಇಷ್ಟು ಗಾಬರಿಯಲ್ಲೂ ಒಲೆಯ ಮೇಲಿನ ಬೇಳೆ ತಳ ಹತ್ತಲಿಲ್ಲ, ಅದೊಂದು ಅವನ ದಯೆ.

ಮಾಮಾ ರಿಟೈರ್ ಆದ ಬಸ್ ಕಂಡಕ್ಟರ್. ಮಾಮಿ ತೀರಿಕೊಂಡು ಬಹಳ ದಿನವಾಯಿತು, ಮಕ್ಕಳಿಲ್ಲ. ಎದುರಿಗೆ ಬಂದವರನ್ನೆಲ್ಲ ಟಿಕೆಟ್ ತೆಗೆಸದೆ ಕೂತವರ ಹಾಗೆ ನೋಡುತ್ತಾರೆ. ಕಿತ್ತೂರಿನ ಹೈವೇಯಲ್ಲಿ ಗಾಡಿ ಬಡಿದು ಬಿದ್ದ ನಾಯಿಗಳನ್ನು ಎತ್ತಿ ಒಯ್ದು ಔಷಧ ಮಾಡುವ ಹುಡುಗ ಹುಡುಗಿಯರ ಗುಂಪೊಂದಿದೆ. ಮಾಮಾ ಅಲ್ಲಿಗೆ ಹೋಗಿದ್ದು ಸೇವೆಗಲ್ಲ, ಸಂಶಯಕ್ಕೆ! "ಈ ಹುಡುಗ್ರು ನಾಯಿ ಒಯ್ದ ಏನ ಮಾಡತಾವು, ನೋಡೇ ಬರತೇನಿ" ಅಂತ ಹೋದವರು, ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತ ಸಂಜೆತನಕ ಅಲ್ಲೇ ಕೂತುಬಿಟ್ಟರಂತೆ.

ಅವರಿಗೆ ಮೊದಲು ಕೊಟ್ಟ ಕೆಲಸ, ನಾಯಿಗಳ ಕೆಳಗೆ ಹಾಸಲು ಹಳೆಯ ಕೌದಿ ಕೂಡಿಸುವುದು. ಮಾಮಾ ಮುರಗೋಡಕ್ಕೆ ಹೋಗಿ ಮನೆಮನೆಯ ಮುಂದೆ ನಿಂತು, "ಹೊಚ್ಚಿಕೊಂಡ ಬಿಟ್ಟ ಹರಕ ಕೌದಿ ಕೊಡ್ರಿ. ಒಗೀಬ್ಯಾಡ್ರಿ ಮತ್ತ, ಮೈ ವಾಸನಿ ಇರಬೇಕು" ಅಂದರು. ವಾಸನೆ ಇದ್ದರೆ ಮರಿಗಳು ಅಳುವುದಿಲ್ಲ ಅಂತ ಅವರ ಲೆಕ್ಕ. ಆದರೆ ಕೇಳಿದವರಿಗೆ ಹೇಗೆ ಕೇಳಿಸಬೇಡ? ಮಾಟಕ್ಕಲ್ಲದೆ ಮತ್ಯಾಕೆ ಅಂತ ಹೆಂಗಸರು ಬಾಗಿಲು ಹಾಕಿಕೊಂಡರು. ಒಬ್ಬಾಕೆಯಂತೂ ನಿಂಬೆಹಣ್ಣು ನಿವಾಳಿಸಿ ಮಾಮಾನ ಕಾಲ ಬುಡಕ್ಕೇ ಒಗೆದಳು. ಮಾಮಾ ಅದನ್ನು ಎತ್ತಿಕೊಂಡು ಬಂದು ನನ್ನ ಕೈಗಿಟ್ಟು, "ತಂಗಿ, ಶರಬತ್ ಮಾಡು. ಹಣ್ಣು ಚಲೋ ಐತಿ" ಅಂದರು!

ನಾನು ಮಾಡಲಿಲ್ಲ. ದೇವರು ಅಷ್ಟು ಬುದ್ಧಿ ಕೊಟ್ಟಿದ್ದಾನೆ.

ಆಮೇಲೆ ಗುಂಪಿನವರು, ವಾಸಿಯಾದ ನಾಯಿಯನ್ನು ಸಾಕಿಕೊಳ್ಳುತ್ತೇವೆ ಅಂದವರ ಮನೆ ಒಮ್ಮೆ ನೋಡಿ ಬನ್ನಿ ಅಂದರು. ಅವರು ಹೇಳಿದ್ದು ಇಷ್ಟೇ. ಮಾಮಾ ಶುರು ಮಾಡಿದ್ದು ಗಿರಣಿಯಿಂದ! ಸವದತ್ತಿಯ ಅಂಗಡಿಕಾರನೊಬ್ಬ ಹೆಣ್ಣುಮರಿ ಬೇಕು ಅಂದಿದ್ದ. ಆ ಓಣಿಯ ಗಿರಣಿಯಲ್ಲಿ ಕೂತು ಮಾಮಾ, "ಮನತನ ಹೆಂಗೈತ್ರಿ? ಗಂಡಸ್ರು ಕುಡೀತಾರೇನು? ಮನಿಯಾಕಿ ಕೈ ಬಿಗೀನೋ, ಸಡ್ಲೋ?" ಅಂತ ಕೇಳಿದರು. ಮಾಮಾ ಆ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮದುವೆಗೆ ಬಂದ ಮಗನಿಗೆ ಇಸ್ತ್ರಿ ಅಂಗಿ ಹಾಕಿಸಿ ಜಮಖಾನೆಯ ಮೇಲೆ ಕೂಡಿಸಿದ್ದರು! ಉಪ್ಪಿಟ್ಟು ಬಂತು, ಶಿರಾ ಬಂತು. ಮಾಮಾ ಎಲ್ಲ ತಿಂದರು, ಸಂಶಯದಿಂದಲೇ. ಕಡೆಗೆ ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು, "ಕನ್ಯಾದ ಫೋಟೋ ತಂದೀರೇನ್ರಿ?" ಅಂದಳು. ಮಾಮಾ ಮೊಬೈಲ್ ತೆಗೆದು ಮುಂದೆ ಹಿಡಿದರು.

"ಬಣ್ಣ ಒಂದೀಟ ಕಪ್ಪ ಐತ್ರಿ. ಆದ್ರ ಸೂಜಿ ಎಲ್ಲಾ ಆಗ್ಯಾವು."

ರಾಮದುರ್ಗದವನೊಬ್ಬ ದಿನಾ ಹಾಲು ತುಪ್ಪ ಹಾಕುತ್ತೇನೆ ಅಂದಿದ್ದಕ್ಕೇ ಫೇಲಾದ. "ಕನ್ಯಾ ಕೇಳಾಕ ಬಂದಾಗ ಎಲ್ಲಾರೂ ಹಂಗ ಅಂತಾರ" ಅಂತ ಮಾಮಾ ಎದ್ದೇ ಬಂದರಂತೆ.

ಇಂಥವರು ಈಗ ನಮ್ಮ ವಿಚಾರಣೆ ನಡೆಸಿದ್ದಾರೆ. ನಾವು ನಾಯಿ ಬೇಕು ಅಂತ ಕೇಳಿಯೇ ಇಲ್ಲವಲ್ಲ! ಹಾಗಂದುಕೊಳ್ಳುವಷ್ಟರಲ್ಲಿ ಮಾಮಾ ಬಾಗಿಲಿಗೆ ಬಂದರು. ಹಿಂದೆ ಅವರ ಮುದಿ ನಾಯಿ. ಒಂದು ಕಣ್ಣಿಲ್ಲ, ಯಾರೂ ಒಯ್ಯಲಿಲ್ಲವೆಂದು ಮಾಮಾನೇ ಇಟ್ಟುಕೊಂಡದ್ದು. ಮಾಮಾ ಕೂಡಲಿಲ್ಲ. ಗೇಟಿನ ಚಿಲಕ ಎಳೆದು ನೋಡಿದರು, ಹಿತ್ತಲಿನ ನೆರಳು ನೋಡಿದರು, ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದು ನೋಡಿದರು.

"ಏನ್ರಿ ಮಾಮಾ, ಗಿರಣ್ಯಾಗ ನನ್ನ ಬಗ್ಗೆ ಕೇಳಿದ್ರಂತ?"

"ಕೇಳಿದೆ."

"ಏನಂದ್ರು?"

"ಬಾಯಿ ಭಾಳ ಜೋರು ಅಂದ್ರು. ಎಲ್ಲಾರ ಮ್ಯಾಲೂ ಸಂಶೇ ಅಂದ್ರು."

"ಯಾರಂದ್ರು? ಬಾಜೂ ಮನಿಯಾಕಿ ಹೌದಲ್ರಿ?"

"ಹೆಸರ ಹೇಳಂಗಿಲ್ಲ. ಆದ್ರ ಬಾಗಲಕ್ಕ ಬಂದ ಜೀವಾನ ಬರಿಗೈಲೆ ಕಳಸಂಗಿಲ್ಲ ಅಂತನೂ ಆಕೀನ ಅಂದ್ಲು."

ನನಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಮಾಮಾ ಹೊಸ್ತಿಲ ಮೇಲೆ ಕೂತರು. ನಾಯಿ ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿತು.

"ಇಕಿಗೆ ಒಂದು ಮನಿ ನೋಡಬೇಕಾಗೈತಿ, ತಂಗಿ."

"ಯಾಕ್ರಿ, ನೀವಿಲ್ಲೇನು?"

"ಸೋಮವಾರ ಬೆಳಗಾವ್ಯಾಗ ಎದಿ ಆಪರೇಷನ್ ಇಟ್ಕೊಂಡಾರ." ಅವರು ನನ್ನ ಕಡೆ ನೋಡಲಿಲ್ಲ, ನಾಯಿಯ ಕಿವಿ ಸವರುತ್ತಿದ್ದರು. "ಆ ಡಾಕ್ಟರ್‌ಂದೂ ಹೊರಗ ಚಹಾದಂಗಡ್ಯಾಗ ವಿಚಾರಣಿ ಮಾಡೇನಿ. ಚಲೋ ಅದಾನಂತ. ಆದ್ರೂ ನನ್ನ ವಯಸ್ಸಿಗೆ ಹೇಳಾಕ ಬರಂಗಿಲ್ಲಲ್ಲ. ನಾ ಬರಲಿಲ್ಲಂದ್ರ ಇಕಿ ಬಾಗಲಾ ಕಾಯ್ಕೋತ ಕುಂದ್ರತಾಳ. ಎಲ್ಲಾ ಕಡೆ ತಿರಗಿದೆ. ಪಾಸಾದದ್ದು ಇದೊಂದ ಮನಿ."

ಮಲ್ಲಯ್ಯನನ್ನೋ ಎಲ್ಲವ್ವನನ್ನೋ ಯಾವ ದೇವರನ್ನು ನೆನೆದೆನೋ ಗೊತ್ತಿಲ್ಲ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಮುರಿದು ನಾಯಿಯ ಮುಂದೆ ಇಟ್ಟೆ.

"ಇಟ್ಗೊಂತೇನ್ರಿ. ಆದ್ರ ನಮ್ಮ ಕಡಿಂದನೂ ಒಂದು ಮಾತೈತಿ. ನಾಗರಪಂಚಮಿಗೆ ಇಕೀನ ತವರಿಗೆ ಕರಿಯಾಕ ಬರಬೇಕು. ನೀವ ಬರಬೇಕು. ಮಂದೀನ ಕಳಸಿದ್ರ ನಾ ಕಳಸಂಗಿಲ್ಲ."

ಮಾಮಾ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಪಂಚಮಿ ಉಂಡಿ ಕಟ್ಟಾಕ ನನಗ ಬರಂಗಿಲ್ಲ" ಅಂದರು.

"ನಾ ಕಟ್ಟಿ ಕೊಡತೇನಿ. ನೀವ ಬರ್ರಿ, ಸಾಕು."

ಓಣಿಯಲ್ಲಿ ಯಾರೋ, "ನಳಾ ಬಂದಾವು!" ಅಂತ ಕೂಗಿದರು. ನಮ್ಮಲ್ಲಿ ನೀರು ಯಾರಿಗೂ ಕಾಯುವುದಿಲ್ಲ. ಇಬ್ಬರನ್ನೂ ಹೊಸ್ತಿಲ ಮೇಲೆ ಬಿಟ್ಟು, ಕೊಡ ಎತ್ತಿಕೊಂಡು ನೀರು ತುಂಬಲು ಹೋದೆ.