ಕಾಗೆಗಳ ಹಾಜರಿ ಪುಸ್ತಕ

ದೆಹಲಿಯ ಕಾಗೆಗಳಿಗೆ ಹಾಜರಿ ಪುಸ್ತಕ ಇಟ್ಟ ಮನುಷ್ಯ ಯಾರಾದರೂ ಇದ್ದರೆ ಅವರು ನನ್ನ ಭಾವ. ಇದನ್ನು ಬರೆಯಬೇಕು ಬರೆಯಬೇಕು ಎಂದುಕೊಂಡೇ ನಾಲ್ಕು ಚಳಿಗಾಲ ಕಳೆದೆ. ಒಮ್ಮೆ ಪೆನ್ನಿನ ಶಾಯಿ ಮುಗಿದಿತ್ತು, ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಎರಡೂ ಇದ್ದವು, ಧೈರ್ಯ ಇರಲಿಲ್ಲ. ಈಗಲೂ ಅವರ ಹೆಸರು ಹೇಳುವುದಿಲ್ಲ. ಅಕ್ಕನ ಗಂಡ, ಅಷ್ಟು ಸಾಕು.

ಭಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ನೌಕರರ ಹಾಜರಿ ನೋಡಿಕೊಂಡ ಗುಮಾಸ್ತರು. ನಿವೃತ್ತಿಯಾದ ಮೇಲೆ ಯಾರ ಹಾಜರಿ ನೋಡುವುದು? ಪೀತಮ್‌ಪುರದಲ್ಲಿ ನಮ್ಮ ಮನೆಗಳ ಎದುರಿನ ಪಾರ್ಕಿನಲ್ಲಿ ನೀಲಗಿರಿ ಮರಗಳ ಸಾಲಿತ್ತು. ಚಳಿಗಾಲದ ಸಂಜೆ ಊರಿನ ಕಾಗೆಗಳೆಲ್ಲ ಬಂದು ಅಲ್ಲಿ ಮಲಗುತ್ತಿದ್ದವು. ಭಾವ ಮಂಕಿ ಟೋಪಿ ಹಾಕಿಕೊಂಡು, ಉದ್ದನೆಯ ರಿಜಿಸ್ಟರ್ ಹಿಡಿದು ತಾರಸಿ ಹತ್ತಿಬಿಟ್ಟರು.

"ಕಾಗೆ ಎಣಿಸಿ ಏನ್ ಮಾಡ್ತೀರಿ ಭಾವ?" ಎಂದೆ.

"ಎಣಿಸದೆ ಇದ್ದು ನೀನೇನ್ ಮಾಡ್ದೆ ಇಷ್ಟು ವರ್ಷ?" ಎಂದರು.



ರಿಜಿಸ್ಟರಿನಲ್ಲಿ ಕೆಂಪು ಶಾಯಿಯ ಗೆರೆಗಳು. ದಿನಾಂಕ, ದಿಕ್ಕು, ಸಂಖ್ಯೆ, ಷರಾ. ಕತ್ತಲಾದ ಮೇಲೆ ಬಂದ ಕಾಗೆಗಳಿಗೆ 'ತಡ' ಎಂದು ಪ್ರತ್ಯೇಕ ಲೆಕ್ಕ! ದಟ್ಟ ಮಂಜಿನ ಒಂದು ಸಂಜೆ ಎದುರಿನ ಮರವೇ ಕಾಣುತ್ತಿರಲಿಲ್ಲ. ಭಾವ ಒಂದು ಗಂಟೆ ನಿಂತು ಬರೆದರು: 'ಯಾರೂ ಕಾಣಲಿಲ್ಲ. ಧ್ವನಿ ಇತ್ತು. ಗೈರುಹಾಜರಿ ಎನ್ನಲಾಗದು.'

ಅಕ್ಕ ಒಮ್ಮೆ ಕೆಳಗಿನಿಂದ ಕೂಗಿದಳು, "ಮದುವೆ ಆದಾಗಿಂದ ನನ್ನ ಕೈಯಲ್ಲಿ ಬಳೆ ಎಷ್ಟಿದೆ ಅಂತ ನೋಡಿದ್ದೀರಾ?"

"ನೀನು ಒಂದು ಕಡೆ ನಿಲ್ಲೋದಿಲ್ಲ," ಎಂದರು ಭಾವ, ಆಕಾಶದಿಂದ ಕಣ್ಣು ತೆಗೆಯದೆ. "ಕಾಗೆಗಳು ಸಾಲಾಗಿ ಬರ್ತಾವೆ."

ಪಕ್ಕದ ಮನೆಯ ಪಂಜಾಬಿ ಹೆಂಗಸಿಗೆ ಇದು ಶನಿದೇವರ ವ್ರತ ಎಂದು ಖಾತ್ರಿಯಾಗಿತ್ತು. ಶನಿವಾರ ಸಂಜೆ ತಟ್ಟೆಯಲ್ಲಿ ಕರಿ ಎಳ್ಳು ಹಿಡಿದು ಮೇಲೆ ಬಂದು, "ಭಾಯಿಸಾಬ್, ನನ್ನ ಮಗ ಪಾಸ್ ಆಗ್ತಾನಾ?" ಎಂದು ಹಿಂದಿಯಲ್ಲಿ ಕೇಳಿದಳು. ಎಣಿಕೆಯಲ್ಲಿ ಮುಳುಗಿದ್ದ ಭಾವ, "ಒಂಬೈನೂರ ನಲವತ್ತು," ಎಂದರು. ಆಕೆ ಎರಡೂ ಕೈ ಮುಗಿದು ಸಮಾಧಾನದಿಂದ ಇಳಿದು ಹೋದಳು. ಹುಡುಗ ಪಾಸಾದ. ಮುಂದಿನ ಶನಿವಾರ ನಮ್ಮ ಮೆಟ್ಟಿಲ ಮೇಲೆ ಐದು ತಟ್ಟೆ!

ಇಷ್ಟರಲ್ಲೇ ಮುಗಿದಿದ್ದರೆ ನಗುತ್ತಾ ಪೆನ್ನು ಕೆಳಗಿಡುತ್ತಿದ್ದೆ. ಆದರೆ ಸರ್ಕಾರಿ ಪದ್ಧತಿ ನೋಡಿ, ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ರುಜು ಹಾಕಬೇಕು. ಕೊನೆಯ ಅಂಕಣದ ಮೇಲೆ ಭಾವ 'ಪರಿಶೀಲಿಸಿದವರು' ಎಂದು ಬರೆದು ನನ್ನನ್ನು ನೇಮಿಸಿಕೊಂಡರು. ನಾನು ಪಕ್ಕದ ರೋಹಿಣಿ ಬಡಾವಣೆಯ ಒಂದು ಇಡ್ಲಿ-ದೋಸೆ ಹೋಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದವನು. ಬಾಗಿಲಲ್ಲಿ ನಿಂತ ಜನವನ್ನು ಒಮ್ಮೆ ನೋಡಿ, ನಾಳೆಗೆ ಎಷ್ಟು ಅಕ್ಕಿ ನೆನೆಸಬೇಕು ಎಂದು ಹೇಳುವುದು ನನ್ನ ವಿದ್ಯೆ. ಅದೇ ಕಣ್ಣಿನಿಂದ ಆಕಾಶ ನೋಡಿ, "ಸುಮಾರು ಸಾವಿರ," ಎಂದೆ.

"ಸುಮಾರು ಅನ್ನೋ ಹಕ್ಕಿ ಯಾವುದು ಮಾರಾಯ?" ಎಂದರು ಭಾವ. "ಹತ್ತು ಹತ್ತಾಗಿ ಎಣಿಸು."

ಆ ಚಳಿಗಾಲ ಹಕ್ಕಿಗಳ ಬಗ್ಗೆ ಆಸಕ್ತಿಯಿದ್ದ ಕಾಲೇಜು ಮೇಷ್ಟ್ರೊಬ್ಬರಿಗೆ ಭಾವನ ರಿಜಿಸ್ಟರಿನ ಸುದ್ದಿ ಮುಟ್ಟಿತು. ಪುಸ್ತಕ ನೋಡಲು ಬರುತ್ತೇವೆ ಎಂದು ಫೋನ್ ಮಾಡಿದರು. ಭಾವ ಹೊಸ ಬಟ್ಟೆ ಸುತ್ತಿ ರಿಜಿಸ್ಟರಿಗೆ ರಟ್ಟು ಹೊಲಿದರು. ಅವರು ಬರುವ ಹಿಂದಿನ ದಿನವೇ ಭಾವನಿಗೆ ಜ್ವರ. ಕಿವಿಗೆ ಹತ್ತಿ, ಮೈಮೇಲೆ ಎರಡು ರಜಾಯಿ.

"ಇವತ್ತು ನೀನೇ ಎಣಿಸಿ ಬಾ," ಎಂದರು.

ನಾನು ಎಣಿಸಲಿಲ್ಲ. ಹೋಟೆಲಿನಲ್ಲಿ ಮದುವೆ ಮನೆಯ ವಡೆ ಆರ್ಡರ್ ಇತ್ತು. ಮುಗಿಸಿ ಬರುವಷ್ಟರಲ್ಲಿ ಕಾಗೆಗಳ ಹೊತ್ತು ಮೀರಿತ್ತು. ಭಾವನ ಮಂಚದ ಪಕ್ಕ ನಿಂತು, ಹಿಂದಿನ ದಿನದ ಸಂಖ್ಯೆಗೆ ಚಿಟಿಕೆ ಉಪ್ಪು ಸೇರಿಸಿದ ಹಾಗೆ, "ಸಾವಿರದ ಇನ್ನೂರ ಆರು," ಎಂದೆ. ಆ ಆರು ಎಷ್ಟು ನಂಬುವ ಹಾಗಿತ್ತು ಎಂದರೆ ನನಗೇ ಹೆಮ್ಮೆಯಾಯಿತು. ಭಾವ ಎದ್ದು ಕುಳಿತು ತಮ್ಮ ಕೈಯಿಂದಲೇ ಬರೆದರು. "ನೀನು ನೋಡಿದ್ದೂ ಒಂದೇ, ನಾನು ನೋಡಿದ್ದೂ ಒಂದೇ," ಎಂದು ಎಣಿಸಿದವರ ಜಾಗದಲ್ಲಿ ತಮ್ಮ ರುಜು ಹಾಕಿದರು. ಪರಿಶೀಲಿಸಿದವನು ನಾನು.

ಮರುದಿನ ಬೆಳಿಗ್ಗೆ ಮೇಷ್ಟ್ರು ಇಬ್ಬರು ವಿದ್ಯಾರ್ಥಿಗಳೊಂದಿಗೆ ಬಂದರು. ಎರಡು ದಿನದಿಂದ ತಾವೂ ಪಾರ್ಕಿನಲ್ಲಿ ನಿಂತು ಎಣಿಸಿದ್ದೇವೆ ಎಂದರು. ಮೊದಲ ದಿನ ಅವರದು ಸಾವಿರದ ನೂರ ತೊಂಬತ್ತು, ಭಾವನದು ಸಾವಿರದ ನೂರ ತೊಂಬತ್ತನಾಲ್ಕು. ಭಾವನ ಜ್ವರ ಅರ್ಧ ಇಳಿಯಿತು. "ಔರ್ ಕಲ್, ಅಂಕಲ್‌ಜೀ?" ಎಂದು ನಿನ್ನೆಯ ಲೆಕ್ಕ ಕೇಳುತ್ತಾ ಮೇಷ್ಟ್ರು ಹಾಳೆ ತಿರುವಿದರು. ನೋಡಿ, ಪುಸ್ತಕವನ್ನು ವಿದ್ಯಾರ್ಥಿಗಳ ಕಡೆ ತಿರುಗಿಸಿದರು.

ಹಿಂದಿನ ದಿನ ಮಧ್ಯಾಹ್ನ ಕೊಂಬೆ ಸವರುವವರು ಬಂದು ನೀಲಗಿರಿ ಸಾಲನ್ನು ಬೋಳಿಸಿ ಹೋಗಿದ್ದರು. ಕತ್ತಲಲ್ಲಿ ಬಂದು ಮಂಜಿನಲ್ಲಿ ಎದ್ದ ನನಗೆ ಅದು ಕಂಡಿರಲಿಲ್ಲ. ಕಾಗೆಗಳು ಸಂಜೆ ಬಂದು, ಸುತ್ತಿ ಸುತ್ತಿ, ಬೇರೆ ಕಡೆ ಹಾರಿಹೋಗಿದ್ದವು. ಉಳಿದವು ಮೂವತ್ತೆಂಟು.

ವಿದ್ಯಾರ್ಥಿಯೊಬ್ಬ ಮುಖ ತಿರುಗಿಸಿ ನಕ್ಕ. ನಾನು ಹೋಟೆಲಿನಿಂದ ತಂದ ಬೋಂಡಾ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಭಾವ ನನ್ನ ಕಡೆ ನೋಡಲಿಲ್ಲ.

"ನಾನೇ ಎಣಿಸಿದ್ದು," ಎಂದರು. "ಜ್ವರ. ಕಣ್ಣೂ ಈಗ ಸರಿಯಿಲ್ಲ."

ನಾನು ಏನು ಹೇಳಿದೆ ಗೊತ್ತೇ? "ಚಟ್ನಿ ತಗೊಳ್ಳಿ," ಎಂದೆ.

ಮೂವತ್ತು ವರ್ಷ ಒಂದೂ ಸುಳ್ಳು ಹಾಜರಿ ಬರೆಯದವರು ಅವರು. ಆಮೇಲೆ ತಾರಸಿ ಹತ್ತಲಿಲ್ಲ. ಆ ವಿಷಯ ಎತ್ತಲೂ ಇಲ್ಲ. ಕೆಲವು ತಿಂಗಳಲ್ಲಿ ಮಗಳ ಮನೆಗೆಂದು ಘಾಜಿಯಾಬಾದಿಗೆ ಹೋದರು. ನಾನು ಎಷ್ಟೋ ಸಲ ಹೋಗಿ ಬಂದೆ, ಕ್ಷಮೆಯ ಬದಲು ಪ್ರತಿ ಸಲವೂ ಬೋಂಡಾ ಕೊಟ್ಟು ಬಂದೆ.

ಎರಡು ವರ್ಷದ ಮೇಲೆ ಭಾವ ತೀರಿಕೊಂಡರು. ಹನ್ನೊಂದನೇ ದಿನ ಮಗಳ ಫ್ಲ್ಯಾಟಿನ ತಾರಸಿಯಲ್ಲಿ ಎಲೆಯ ಮೇಲೆ ಅನ್ನ ಇಟ್ಟೆವು. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮವರ ನಂಬಿಕೆ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ಅರ್ಧ ಗಂಟೆಯಾದರೂ ಒಂದು ಕಾಗೆಯೂ ಇಲ್ಲ. ಸಾವಿರಗಟ್ಟಲೆ ಎಣಿಸಿದ ಮನುಷ್ಯನಿಗೆ ಒಂದೂ ಇಲ್ಲ!

"ಮಾಮಾ, ಕೋಯೀ ಆ ಹೀ ನಹೀ ರಹಾ, ಒಂದೂ ಬರ್ತಾನೇ ಇಲ್ಲ," ಎಂದಳು ಅವರ ಮಗಳು. "ಅಪ್ಪಂಗೆ ಏನ್ ಬೇಕಿತ್ತು?"

"ರಿಜಿಸ್ಟರ್ ರದ್ದಿಗೆ ಹಾಕಲ್ಲ, ಆಯ್ತಾ?" ಎಂದಳು ಅಕ್ಕ ಆಕಾಶಕ್ಕೆ.

"ಇನ್ಯಾರಾದರೂ ಏನಾದರೂ ಹೇಳೋದಿದ್ರೆ ಬೇಗ ಹೇಳಿ," ಎಂದರು ಪುರೋಹಿತರು. ಅವರಿಗೆ ರೋಹಿಣಿಯಲ್ಲಿ ಇನ್ನೊಂದು ಮನೆಯ ತಿಥಿಯಿತ್ತು.

ಹೇಳಬೇಕಾದವನು ಯಾರು ಎಂದು ನನಗೆ ಗೊತ್ತಿತ್ತು. ಮುಂದೆ ಬಂದು ಕೈಮುಗಿದೆ. "ಭಾವ, ಆವತ್ತು..." ಎಂದು ಬಾಯಿ ತೆರೆಯುವಷ್ಟರಲ್ಲಿ ನೀರಿನ ಟ್ಯಾಂಕಿನ ಹಿಂದಿನಿಂದ ಒಂದು ಕಾಗೆ ಇಳಿದು ಬಂದು ಅನ್ನಕ್ಕೆ ಬಾಯಿ ಹಾಕಿತು.  ಪುರೋಹಿತರು ಚೀಲ ಕಟ್ಟಿದರು. ಭಾವ ಅಲ್ಲೂ ನನ್ನ ಮಾನ ಉಳಿಸಿಬಿಟ್ಟರು.

ಹೊರಡುವಾಗ ಅಕ್ಕ ರಿಜಿಸ್ಟರನ್ನು ನನ್ನ ಕೈಗಿಟ್ಟಳು. "ಇನ್ನೂ ಅರ್ಧ ಪುಸ್ತಕ ಖಾಲಿ ಇದೆ, ವ್ಯರ್ಥ ಆಗಬಾರದು, ಅವನಿಗೇ ಕೊಡು ಅಂದಿದ್ರು."

ಪಾರ್ಕಿನ ಮರಗಳು ಮತ್ತೆ ಚಿಗುರಿವೆ. ಚಳಿಗಾಲದಲ್ಲಿ ನಾನು ಸಂಜೆ ತಾರಸಿ ಹತ್ತುತ್ತೇನೆ. ಹತ್ತು ಹತ್ತಾಗಿ ಎಣಿಸುತ್ತೇನೆ, ತಪ್ಪಿದರೆ ತಪ್ಪಿತು ಎಂದೇ ಬರೆಯುತ್ತೇನೆ. ನಿನ್ನೆ ನಾನೂರ ಹದಿನೇಳು, ತಡ ಒಂಬತ್ತು. ಎಣಿಸಿದವರ ಜಾಗದಲ್ಲಿ ನನ್ನ ರುಜು ಹಾಕುತ್ತೇನೆ. ಪರಿಶೀಲಿಸಿದವರ ಜಾಗವನ್ನು ದಿನವೂ ಖಾಲಿ ಬಿಡುತ್ತೇನೆ.