ಸೂರಿಗೇರಿದ ರೇಷ್ಮೆ ಗೂಡು

ವಿಜ್ಞಾನದ ಮೇಲೆ ನನಗೆ ಅಂದೂ ನಂಬಿಕೆಯಿತ್ತು, ಇಂದೂ ಇದೆ. ವಿಜ್ಞಾನಕ್ಕೆ ನನ್ನ ಮೇಲಿದ್ದ ನಂಬಿಕೆ ಹೋದದ್ದು ತೊಂಬತ್ತರ ದಶಕದಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ.

ಶಾಲೆಯೇನೋ ಚೆನ್ನಾಗಿತ್ತು. ಏಳನೇ ತರಗತಿಯ ಕೋಣೆ ಮಾತ್ರ ಕತ್ತಲು. ಇದ್ದ ಒಂದೇ ಕಿಟಕಿಯ ಎದುರಿಗೆ ಯಾರೋ ಪುಣ್ಯಾತ್ಮರು ಗೋದಾಮು ಕಟ್ಟಿದ್ದರು. ಕರೆಂಟು ಶಾಲೆಯ ಗಂಟೆ ಹೊಡೆದೊಡನೆ ಹೋಗಿ, ಸಂಜೆ ಗಂಟೆ ಹೊಡೆದ ಮೇಲೆ ಬರುತ್ತಿತ್ತು. ಹಾಜರಿ ಕೂಗಿದರೆ ದನಿಯ ಗುರುತಿನ ಮೇಲೆ ಹಾಜರಿ ಹಾಕಬೇಕು. ತಪಾಸಣೆಗೆ ಬಂದ ಸಾಹೇಬರು ಕರಿಹಲಗೆ ಎಂದುಕೊಂಡು ಬಾಗಿಲನ್ನೂ, ಬಾಗಿಲು ಎಂದುಕೊಂಡು ಕರಿಹಲಗೆಯನ್ನೂ ತಡವಿ ನೋಡಿ ಹೊರಗೆ ಬಂದರು. ಒಂದು ತಿಂಗಳೊಳಗೆ ಈ ಕೋಣೆಗೆ ಬೆಳಕು ಬಾರದಿದ್ದರೆ ಏಳನೇ ತರಗತಿಯನ್ನು ನಾಲ್ಕು ಮೈಲಿ ಆಚೆಯ ಶಾಲೆಗೆ ಸೇರಿಸಿಬಿಡುವುದಾಗಿ ಹೇಳಿದರು.

ಹುಡುಗರು ಸೈಕಲ್ಲು ಹತ್ತಿ ಹೋದಾರು. ಆದರೆ ತರಗತಿಯಲ್ಲಿ ಒಂಬತ್ತು ಹೆಣ್ಣುಮಕ್ಕಳಿದ್ದರು. ಅಷ್ಟು ದೂರಕ್ಕೆ ಅವರನ್ನು ಕಳಿಸುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಅವರಲ್ಲಿ ಸಾವಿತ್ರಿ ಎಂಬವಳು ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು. ಅವಳ ಓದು ನನ್ನ ಕಾಲದಲ್ಲಿ, ನನ್ನ ಸೂರಿನಡಿ ನಿಲ್ಲುವುದು ಎಂದರೆ ನನಗೆ ಅನ್ನ ಇಳಿಯಲಿಲ್ಲ.

ನನ್ನ ಹೆಂಡತಿ ಸರೋಜ ಒಂದೇ ಮಾತಿನಲ್ಲಿ ಪರಿಹಾರ ಹೇಳಿದಳು: ನಾಲ್ಕು ಹೆಂಚು ತೆಗೆದು ನಾಲ್ಕು ಗಾಜಿನ ಹೆಂಚು ಹಾಕಿಸಿ. ನಾನು ನಕ್ಕೆ. ಗಾಜಿನ ಹೆಂಚಿನಿಂದ ಬೆಳಕಿನ ಜೊತೆಗೆ ಬಿಸಿಲೂ ಇಳಿಯುತ್ತದೆ, ಮಕ್ಕಳ ನೆತ್ತಿ ಸುಡುತ್ತದೆ ಎಂದು ವಿವರಿಸಿದೆ. ಅಷ್ಟೊಂದು ಸರಳವಾದ ಉಪಾಯಕ್ಕೆ ಬಿ.ಎಡ್. ಮಾಡಿದವನು ಒಪ್ಪುವುದು ಹೇಗೆ?

ಅದಕ್ಕೆ ಸರಿಯಾಗಿ ಆ ವಾರವೇ ಶ್ರೀರಂಗಪಟ್ಟಣದಲ್ಲಿ ನಮಗೊಂದು ತರಬೇತಿ ನಡೆಯಿತು. ಊಟಕ್ಕೆ ಮುಂಚೆ ಒಬ್ಬ ಎಂಜಿನಿಯರು ಶಾಲಾ ಕಟ್ಟಡಗಳ ಬಗ್ಗೆ ಮಾತಾಡಿದರು. ಪರದೇಶಗಳಲ್ಲಿ ಬೆಳಕನ್ನು ಒಳಗೆ ಬಿಟ್ಟು ಶಾಖವನ್ನು ಹೊರಗೇ ನಿಲ್ಲಿಸುವ ಚಾವಣಿ ಇದೆಯಂತೆ. ಎರಡು ಹಾಲುಬಣ್ಣದ ಹಾಳೆ, ನಡುವೆ ಗಾಳಿ ತುಂಬಿದ ಸಾವಿರಾರು ಪುಟ್ಟ ಗೂಡು. ಅಂಗೈಯಗಲದ ಒಂದು ತುಂಡನ್ನೂ ತೋರಿಸಿದರು. ಉಳಿದ ಮೇಷ್ಟ್ರುಗಳು ಸಾರಿನ ವಾಸನೆ ಬಂದ ದಿಕ್ಕಿಗೆ ನೋಡುತ್ತಿದ್ದರು. ನಾನೊಬ್ಬನೇ ಬರೆದುಕೊಂಡೆ.

ಬಸ್ಸಿನಲ್ಲಿ ಹಿಂದಿರುಗುವಾಗ ಪಾಂಡವಪುರ ದಾಟುವ ಹೊತ್ತಿಗೆ ನನಗೆ ಜ್ಞಾನೋದಯವಾಯಿತು. ಗಾಳಿ ತುಂಬಿದ, ಬೆಳಕು ಸೋಸುವ, ಹಗುರವಾದ ಪುಟ್ಟ ಗೂಡು ನಮ್ಮೂರಿನಲ್ಲಿ ಮನೆಮನೆಯಲ್ಲೂ ಇತ್ತು. ರೇಷ್ಮೆ ಗೂಡು!

ನಮ್ಮ ಪಕ್ಕದ ಮನೆಯ ಜವರೇಗೌಡರು ಹುಳ ಸಾಕುತ್ತಿದ್ದರು. ಗ್ರಾಮ ಶಿಕ್ಷಣ ಸಮಿತಿಯ ಅಧ್ಯಕ್ಷರೂ ಅವರೇ. ಮಾರುಕಟ್ಟೆಗೆ ಆಗದ ಗೂಡು ಬೇಕಿತ್ತೆಂದು ಕೇಳಿದಾಗ, ಅದೇ ದಿನ ಚಂದ್ರಿಕೆಯಿಂದ, ಎಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಯಿಂದ ಬಿಡಿಸಿ ಬೇರೆ ಮಾಡಿದ್ದ ಎರಡು ಚೀಲ ಗೂಡನ್ನು ಸಂತೋಷದಿಂದ ಕೊಟ್ಟರು. ಯಾಕೆ ಏನು ಎಂದು ಕೇಳಲಿಲ್ಲ. ಹುಳದ ಊರಿನಲ್ಲಿ ಹತ್ತು ವರ್ಷ ಇದ್ದವನಿಗೆ ಗೂಡಿನ ವಿಷಯ ಗೊತ್ತಿರುತ್ತದೆ ಎಂದುಕೊಂಡರು. ಪಾಂಡವಪುರದ ಸಕ್ಕರೆ ಕಾರ್ಖಾನೆಯ ಹೊಗೆ ಕುಡಿದು ಬೆಳೆದ ನನಗೆ ಗೊತ್ತಿದ್ದುದು ಕಬ್ಬು ಮಾತ್ರ.

ಸರೋಜ ಹುಳದ ಮನೆಯಲ್ಲಿ ಹುಟ್ಟಿದವಳು. ಚೀಲಕ್ಕೆ ಕೈ ಹಾಕಿ ನೋಡಿ ಹೇಳಿದಳು:

"ಬಿಸ್ನೀರಾವಿಗೆ ಇಕ್ಕಿ, ಒಣಗ್ಸಿ ಆಮೇಲೆ ಮ್ಯಾಲಕ್ಕಾಕಿ ಕಣ್ರೀ. ಒಳ್ಗೆ ಜೀವ ಅದೆ."

ಆವಿಗೆ ಇಟ್ಟರೆ ಗೂಡು ಒದ್ದೆಯಾಗಿ ಒಳಗಿನ ಗಾಳಿಯ ಗುಣ ಕೆಡುತ್ತದೆ ಎಂದು ನಾನು ಗಂಭೀರವಾಗಿ ತಿಳಿಸಿದೆ. ಅವಳು ಚೀಲದ ಬಾಯಿ ಬಿಗಿದು ಗಂಟು ಹಾಕಿ ಒಳಗೆ ಹೋದಳು. ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಅಂಥ ಗಂಟಿನ ಅರ್ಥ ನನಗೆ ತಿಳಿದಿರಬೇಕಿತ್ತು.

ಶನಿವಾರ ಮಧ್ಯಾಹ್ನ ಕೆಲಸ ನಡೆಯಿತು. ಹೆಂಚು ಬಿಚ್ಚಿ, ಮಂಚದಗಲದ ಮರದ ಚೌಕಟ್ಟು ಕೂರಿಸಿ, ಮೇಲೊಂದು ಕೆಳಗೊಂದು ಫೈಬರ್ ಶೀಟು ಹೊಡೆದು, ನಡುವೆ ಗೂಡು ತುಂಬಿಸಿದೆವು. ಗಾಳಿಯಾಡಲಿ ಎಂದು ಕೆಳಗಿನ ಶೀಟಿನ ಅಂಚಿಗೆ ಬೆರಳು ಹೋಗುವಷ್ಟು ಸಂದು ಬಿಟ್ಟೆ. ಆ ಸಂದು ನನ್ನ ಸ್ವಂತ ಸಂಶೋಧನೆ.

ಸೋಮವಾರ ಬೆಳಕು ಇಳಿಯಿತು! ನಮ್ಮ ಕಡೆಯ ಗೂಡು ಹಳದಿಯಾದ್ದರಿಂದ ಬೆಳಕೂ ಹಳದಿಯಾಗಿತ್ತು. ಮೂವತ್ತು ಮಕ್ಕಳೂ ಅರಿಶಿನ ಹಚ್ಚಿಸಿಕೊಂಡು ಹಸೆಗೆ ಕೂತಂತೆ ಕಂಡರು. ಇರಲಿ, ಅಕ್ಷರ ಕಾಣುತ್ತಿತ್ತು. ಬಿಸಿಲಿನ ಧಗೆ ಒಂದಿಷ್ಟೂ ಇರಲಿಲ್ಲ. ಅಂದೇ ಸಾಹೇಬರಿಗೆ ಪತ್ರ ಬರೆದು, ಮುಂದಿನ ಸೋಮವಾರ ದಯಮಾಡಿಸಿ ಈ ನೂತನ ವ್ಯವಸ್ಥೆಯನ್ನು ಅವಲೋಕಿಸಬೇಕೆಂದು ಪ್ರಾರ್ಥಿಸಿದೆ.

ಬುಧವಾರ ಸಂದಿನಿಂದ ಒಂದು ಬಿಳಿ ಹುಳ ನನ್ನ ಹಾಜರಿ ಪುಸ್ತಕದ ಮೇಲೆ ಬಿತ್ತು. ಗುರುವಾರ ಹತ್ತು ಬಿದ್ದವು. ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣವೊಂದು ಉಂಟೆಂದೂ, ಅದರ ಮರಿಗಳು ಗೂಡು ತೂತು ಮಾಡಿಕೊಂಡು ನೆಲಕ್ಕೆ ಉದುರುತ್ತವೆಂದೂ, ಗೌಡರು ಆ ಗೂಡುಗಳನ್ನು ಬೇರೆ ಮಾಡಿದ್ದೇ ಕೆಲವಕ್ಕೆ ಊಜಿ ತಗುಲಿರಬಹುದೆಂಬ ಅನುಮಾನಕ್ಕೆಂದೂ ಆಮೇಲೆ ತಿಳಿಯಿತು. ಸದ್ಯಕ್ಕೆ ನಾನು ಮಕ್ಕಳಿಗೆ ತಲೆಯ ಮೇಲೆ ಪುಸ್ತಕ ಇಟ್ಟುಕೊಳ್ಳಲು ಹೇಳಿದೆ. ಶುಕ್ರವಾರ ಚೌಕಟ್ಟು ಬಿಚ್ಚಿಸೋಣವೇ ಎಂದು ಯೋಚಿಸಿದೆ. ಪತ್ರ ಹೋಗಿಬಿಟ್ಟಿತ್ತು. ಹುಳ ಬೀಳುವುದೂ ಕಡಿಮೆಯಾಗಿತ್ತು. ಗಂಡಾಂತರ ಕಳೆಯಿತೆಂದು ಭಾನುವಾರ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಸೋಮವಾರ ಸಾಹೇಬರು ಬಿಳಿ ಅಂಗಿ ತೊಟ್ಟು ಬಂದು ನನ್ನ ಕುರ್ಚಿಯಲ್ಲಿ ಕೂತರು. ಬೆಳಕು ನೋಡಿ ತಲೆದೂಗಿದರು. ಪಾಠ ಮಾಡಿ ಎಂದರು. ಅಂದಿನ ಪಾಠ ರೇಷ್ಮೆ ಹುಳದ ಜೀವನಚಕ್ರ. ಕರಿಹಲಗೆಯ ಮೇಲೆ ಮೊಟ್ಟೆ, ಹುಳ, ಗೂಡು ಬರೆದು, ಹುಳ ಗೂಡು ಕಟ್ಟಿದ ಸುಮಾರು ಹನ್ನೆರಡು ದಿನಕ್ಕೆ ಚಿಟ್ಟೆ ಹೊರಬರುತ್ತದೆ ಎಂದು ಗಟ್ಟಿಯಾಗಿ ಹೇಳಿದೆ.

ಸಾವಿತ್ರಿ ಎದ್ದು ನಿಂತಳು.

"ಸಾ, ನಮ್ ಮ್ಯಾಲಿರವು ಕಟ್ಟಿ ಎಷ್ಟು ದಿನ ಆಯ್ತು ಸಾ?"

ನಾನು ಬೆರಳು ಮಡಿಸಿ ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಆಮೇಲೆ ಎಣಿಸುವ ಅಗತ್ಯ ಬೀಳಲಿಲ್ಲ. ಮೇಲೆ ಪರಪರ ಸದ್ದಾಯಿತು. ಸಂದಿನಿಂದ ಒಂದು ಚಿಟ್ಟೆ ತಲೆ ಹಾಕಿತು, ಹಿಂದೆಯೇ ನೂರಾರು. ರೇಷ್ಮೆ ಚಿಟ್ಟೆಗೆ ಹಾರಲು ಬಾರದು. ಬೀಳಲು ಚೆನ್ನಾಗಿ ಬರುತ್ತದೆ. ಗೂಡಿನಿಂದ ಬಂದೊಡನೆ ಅದು ಕಂದು ಬಣ್ಣದ ನೀರನ್ನು ಬಿಡುತ್ತದೆ ಎಂಬುದು ಪಠ್ಯಪುಸ್ತಕದಲ್ಲಿರಲಿಲ್ಲ. ಸಾಹೇಬರ ಅಂಗಿಯ ಮೇಲೆ ಇತ್ತು.

ಅವರು ಸಿಟ್ಟಾಗಲಿಲ್ಲ. ಹೆಗಲ ಮೇಲೆ ಜೋಡಿಯಾಗಿ ಕೂತಿದ್ದ ಎರಡು ಚಿಟ್ಟೆಗಳನ್ನು ಮೆಲ್ಲಗೆ ಬಿಡಿಸಿ ಮೇಜಿನ ಮೇಲಿಟ್ಟರು. "ಈ ಕೋಣೆ ಆಗೋದಿಲ್ಲ ಮೇಷ್ಟ್ರೇ. ಗುರುವಾರ ಈ ಕಡೆ ಬರ್ತೀನಿ, ಏಳನೇ ಕ್ಲಾಸಿನ ದಾಖಲೆ ಕಟ್ಟಿಡಿ" ಎಂದು ಹೊರಟರು.

ಹುಡುಗರು ನಗುತ್ತ ಚಿಟ್ಟೆ ಹಿಡಿಯುತ್ತಿದ್ದರು. ಸಾವಿತ್ರಿ ಮಾತ್ರ ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡಳು. ಶುಕ್ರವಾರದಿಂದ ಬರುವುದು ಬೇಡವಾ ಸಾ ಎಂದು ಕೇಳಿದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಜಾಣನೆನಿಸಿಕೊಳ್ಳುವ ನನ್ನ ಚಪಲಕ್ಕೆ ಆ ಮಗುವಿನ ಓದನ್ನು ಪಣವಿಟ್ಟಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

ಮನೆಗೆ ಹೋಗಿ ಸರೋಜಳಿಗೆ ಎಲ್ಲ ಹೇಳಿದೆ. ನಾನು ಹೇಳಿದ್ದೆನಲ್ಲ ಎಂದು ಅವಳು ಅನ್ನಲಿಲ್ಲ, ಅಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಎದ್ದು, ನನ್ನನ್ನೂ ಕರೆದುಕೊಂಡು ಗೌಡರ ಮನೆಗೆ ಹೋಗಿ ಗಾಜಿನ ಹೆಂಚು ಕೇಳಿದಳು. ಗೌಡರು ಏಣಿ ತಂದು ತಮ್ಮ ಕೊಟ್ಟಿಗೆಯ ಮೇಲೇರಿದರು.

"ನಾಕು ಅವೆ, ತಕೊಳಿ ಮೇಷ್ಟ್ರೇ. ನಮ್ ಎಮ್ಮೆ ಏನ್ ಓದ್ಬೇಕಾ?"

ಬುಧವಾರ ಚೌಕಟ್ಟು ಇಳಿಯಿತು, ಗಾಜಿನ ಹೆಂಚು ಏರಿತು. ಬೆಳಕು ಬಂತು. ನಾನು ಹೇಳಿದ್ದಂತೆ ಬಿಸಿಲೂ ಬಂತು, ನೆತ್ತಿಯೂ ಸುಟ್ಟಿತು. ನನ್ನ ಮಾತು ನಿಜವಾಯಿತೆಂದು ಬಾಯಿ ತೆರೆಯುವಷ್ಟರಲ್ಲಿ ಸರೋಜ ಮನೆಯಿಂದ ನನ್ನ ಮದುವೆಯ ಪಂಚೆ ತಂದಳು. ಅದನ್ನು ಎರಡು ಮಡಿಕೆ ಮಾಡಿ, ಹೆಂಚಿನಿಂದ ಮೊಳ ಕೆಳಗೆ ತೊಲೆಯಿಂದ ತೊಲೆಗೆ ಬಿಗಿದು ಕಟ್ಟಿಸಿದಳು. ಬಿಸಿಲು ಪಂಚೆಯ ಮೇಲೇ ನಿಂತಿತು. ಬೆಳಕು ಹಾಲಿನಂತೆ ಕೋಣೆಯ ತುಂಬ ಇಳಿಯಿತು. ಎರಡು ಪದರ, ನಡುವೆ ಗಾಳಿ. ಎಂಜಿನಿಯರು ಹೇಳಿದ್ದು ಇಷ್ಟೇ ಆಗಿತ್ತು.

ಗುರುವಾರ ಸಾಹೇಬರು ಬಂದರು. ಕೋಣೆಯ ನಡುವೆ ನಿಂತು ನೆತ್ತಿ ಮುಟ್ಟಿ ನೋಡಿಕೊಂಡರು. ಸಾವಿತ್ರಿಯ ಕೈಲಿ ಕೊನೆಯ ಸಾಲಿನಿಂದ ಹಲಗೆ ಓದಿಸಿದರು. ಅವಳು ಒಂದಕ್ಷರ ತಪ್ಪದೆ ಓದಿದಳು. ಅವರು ಮೇಲೊಮ್ಮೆ ನೋಡಿ, ಪಂಚೆ ಯಾರದೆಂದು ಕೇಳಿ, ಭೇಟಿ ಪುಸ್ತಕ ತರಿಸಿ ಬರೆದರು:

"ಬೆಳಕು ಸಾಕಷ್ಟಿದೆ. ಧಗೆಯಿಲ್ಲ. ಏಳನೇ ತರಗತಿ ಇಲ್ಲಿಯೇ ಮುಂದುವರಿಯಲಿ. ಮುಖ್ಯೋಪಾಧ್ಯಾಯರ ಪಂಚೆ ತೃಪ್ತಿಕರವಾಗಿದೆ."

ಮುಖ್ಯೋಪಾಧ್ಯಾಯರ ಬಗ್ಗೆ ಏನನ್ನೂ ಬರೆದಿರಲಿಲ್ಲ.